ಬಲಗೈ ಮುಟ್ಟಿದಾಗ ಬಲ ಮಿದುಳು ಏನು ಮಾಡುತ್ತದೆ?

ಬಲಗೈಗೆ ಏನಾದರೂ ತಾಗಿದರೆ ಅದು ಗೊತ್ತಾಗುವುದು ಮಿದುಳಿನ ಎಡ ಭಾಗಕ್ಕೆ, ಎಡಗೈಗೆ ತಾಗಿದರೆ ಬಲ ಭಾಗಕ್ಕೆ. ಇದನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದನ್ನು ಓದಿದ ಮೇಲೆ ತಾನಾಗಿ ಏಳಬೇಕಾದ ಇನ್ನೊಂದು ಪ್ರಶ್ನೆ ತರಗತಿಯಲ್ಲಿ ಏಳುವುದಿಲ್ಲ. ಬಲಗೈಯನ್ನು ಯಾರೋ ಮುಟ್ಟುತ್ತಿದ್ದಾರೆ, ಎಡ ಮಿದುಳು ಅದನ್ನು ಗ್ರಹಿಸುತ್ತಿದೆ. ಆ ಹೊತ್ತಿನಲ್ಲಿ ಬಲ ಮಿದುಳು ಏನು ಮಾಡುತ್ತಿರುತ್ತದೆ? ಸುಮ್ಮನೆ ಕೂತಿರುತ್ತದೆಯೆ? ತನ್ನ ಪಾಡಿಗೆ ಬೇರೆ ಕೆಲಸ ನೋಡಿಕೊಳ್ಳುತ್ತದೆಯೆ? ಅದಕ್ಕೂ ಸುದ್ದಿ ಹೋಗುತ್ತದೆಯೆ?

ಎಡ ಮಿದುಳು, ಬಲ ಮಿದುಳು ಎನ್ನುವುದು ಮಾತಿನ ಅನುಕೂಲಕ್ಕೆ. ಇರುವುದು ಒಂದೇ ಮಿದುಳು, ಅದಕ್ಕೆ ಎರಡು ಹೋಳು. ಈ ಎರಡು ಹೋಳುಗಳ ನಡುವೆ ಸ್ಪರ್ಶದ ವಿಷಯದಲ್ಲಿ ಎಂಥ ವ್ಯವಹಾರ ನಡೆಯುತ್ತದೆ ಎನ್ನುವುದು ತಲೆಬುರುಡೆ ತೆರೆಯದೆಯೇ ಮಿದುಳನ್ನು ನೋಡಬಲ್ಲ ಯಂತ್ರಗಳು ಬಂದ ಮೇಲೆ ಒಂದೊಂದಾಗಿ ತಿಳಿಯುತ್ತ ಬಂದಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ದಾರಿಯ ವಿಚಾರ. ಬೆರಳ ತುದಿಯ ಚರ್ಮದೊಳಗೆ ಹಲವು ಬಗೆಯ ಗ್ರಾಹಕಗಳಿವೆ. ಒತ್ತಿದರೆ ಒಂದಕ್ಕೆ ಗೊತ್ತಾಗುತ್ತದೆ, ನಡುಗಿಸಿದರೆ ಇನ್ನೊಂದಕ್ಕೆ, ಚರ್ಮ ಎಳೆದರೆ ಮತ್ತೊಂದಕ್ಕೆ. ಅಲ್ಲಿಂದ ಹೊರಟ ಸುದ್ದಿ ದಪ್ಪ ನರತಂತುಗಳಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡಿ ಬೆನ್ನುಹುರಿಯನ್ನು ಹೊಗುತ್ತದೆ. ಅಲ್ಲಿ ಅದೇ ಮಗ್ಗುಲಲ್ಲೇ ಮೇಲಕ್ಕೇರುತ್ತದೆ. ಬಲಗೈಯ ಸುದ್ದಿ ಬೆನ್ನುಹುರಿಯ ಬಲಗಡೆಯಲ್ಲೇ ಹತ್ತಿ, ಕುತ್ತಿಗೆಯ ಮೇಲೆ, ಮಿದುಳು ಶುರುವಾಗುವ ಜಾಗವಾದ ಮೆಡುಲ್ಲಾದಲ್ಲಿ ಇನ್ನೊಂದು ನರಕೋಶಕ್ಕೆ ದಾಟುತ್ತದೆ. ಆ ಎರಡನೆಯ ಕೋಶದ ತಂತು ಅಡ್ಡ ಹಾಯ್ದು ಎಡಗಡೆಗೆ ಹೋಗುತ್ತದೆ. ಆಮೇಲೆ ಥಲಾಮಸ್, ಅಲ್ಲಿಂದ ಮಿದುಳಿನ ಹೊರಪದರ.

ನೋವು ಮತ್ತು ಬಿಸಿ-ತಂಪಿನ ಸುದ್ದಿಗೆ ಇಷ್ಟು ತಾಳ್ಮೆಯಿಲ್ಲ. ಅದು ಬೆನ್ನುಹುರಿಯನ್ನು ಹೊಕ್ಕ ಕೂಡಲೇ ಅಲ್ಲೇ ಅಡ್ಡ ದಾಟಿಬಿಡುತ್ತದೆ. ಹಾಗಾಗಿ ಬೆನ್ನುಹುರಿಯ ಬಲ ಅರ್ಧಕ್ಕೆ ಮಾತ್ರ ಪೆಟ್ಟಾದ ವ್ಯಕ್ತಿಗೆ ಪೆಟ್ಟಿನ ಕೆಳಗೆ ಬಲಗಾಲಿನಲ್ಲಿ ಸೂಕ್ಷ್ಮ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಎಡಗಾಲಿನಲ್ಲಿ ಸೂಜಿ ಚುಚ್ಚಿದ ನೋವು ತಿಳಿಯುವುದಿಲ್ಲ. ಒಂದೇ ಗಾಯ, ಎರಡು ಕಾಲಿಗೆ ಎರಡು ತೊಂದರೆ. ಸ್ಪರ್ಶದ ದಾರಿ ಎಲ್ಲಿ ತಿರುಗುತ್ತದೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ವೈದ್ಯರು ತಿಳಿದುಕೊಂಡದ್ದು ಇಂಥ ರೋಗಿಗಳಿಂದ.

ದಾರಿ ಮುಗಿಯುವ ಊರಿನ ನಕ್ಷೆ ಸಿಕ್ಕಿದ್ದೂ ರೋಗಿಗಳಿಂದಲೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರಿದ್ದರು. ಮೂರ್ಛೆರೋಗದವರ ಮಿದುಳಿಗೆ ಆಪರೇಷನ್ ಮಾಡುವಾಗ ಅವರು ರೋಗಿಯನ್ನು ಎಚ್ಚರವಾಗಿಯೇ ಇಟ್ಟಿರುತ್ತಿದ್ದರು. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು, ಮಿದುಳಿಗೆ ತನ್ನ ಮೈಯ ನೋವು ಗೊತ್ತಾಗುವುದಿಲ್ಲ. ತೆರೆದ ಮಿದುಳಿಗೆ ಸಣ್ಣ ವಿದ್ಯುತ್ ಕಡ್ಡಿ ತಾಗಿಸಿದರೆ, ಹೆಬ್ಬೆರಳು ಜುಮ್ಮೆನ್ನುತ್ತಿದೆ ಎಂದೋ ತುಟಿ ಮರಗಟ್ಟಿದ ಹಾಗಿದೆ ಎಂದೋ ರೋಗಿ ಹೇಳುತ್ತಿದ್ದರು. ಹೇಳಿದ ಕೂಡಲೇ ಆ ಜಾಗದ ಮೇಲೆ ಅಂಕಿ ಬರೆದ ಪುಟ್ಟ ಚೀಟಿ. ಇಂಥ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ 1937ರಲ್ಲಿ ಪ್ರಕಟಿಸಿದ ನಕ್ಷೆಯೇ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ನೆತ್ತಿಯ ನಡುವಿನ ಬಿರುಕಿನಲ್ಲಿ ಕಾಲು, ಪಕ್ಕಕ್ಕೆ ಇಳಿಯುತ್ತ ಹೋದಂತೆ ಕೈ, ಇನ್ನೂ ಕೆಳಗೆ ಮುಖ. ಆ ನಕ್ಷೆಯ ಮನುಷ್ಯನಿಗೆ ದೈತ್ಯ ತುಟಿ, ದೈತ್ಯ ಹೆಬ್ಬೆರಳು, ಬೆನ್ನು ಮಾತ್ರ ಒಂದು ಗೇಣಿನಷ್ಟೂ ಇಲ್ಲ.

ಈ ಅನುಪಾತ ಸರಿಯೋ ಎಂದು ನೋಡಲು ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಸಾಕು, ಒಂದು ಹೇರ್‌ಪಿನ್ ತೆಗೆದುಕೊಳ್ಳಿ. ಅದರ ಎರಡು ತುದಿಗಳ ನಡುವೆ ಅಕ್ಕಿಕಾಳಿನ ಅರ್ಧದಷ್ಟು, ಅಂದರೆ ಮೂರು ಮಿಲಿಮೀಟರ್ ಜಾಗ ಬಿಟ್ಟು, ಕಣ್ಣು ಮುಚ್ಚಿದವರ ತೋರುಬೆರಳಿನ ತುದಿಗೆ ಮೆಲ್ಲಗೆ ತಾಗಿಸಿ. ಎರಡು ತುದಿ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಅದನ್ನೇ ಬೆನ್ನಿಗೆ ತಾಗಿಸಿ. ಒಂದೇ ಅನ್ನುತ್ತಾರೆ. ಬೆನ್ನಿನ ಮೇಲೆ ಅದು ಎರಡೆಂದು ಗೊತ್ತಾಗಬೇಕಾದರೆ ತುದಿಗಳನ್ನು ಸುಮಾರು ನಾಲ್ಕು ಸೆಂಟಿಮೀಟರ್ ದೂರ ಸರಿಸಬೇಕು. ಜರ್ಮನಿಯ ಲೈಪ್‌ಸಿಗ್‌ನಲ್ಲಿ ಅರ್ನ್ಸ್ಟ್ ವೇಬರ್ ಇದನ್ನು ಅಳೆದು 1834ರಲ್ಲಿ ಬರೆದಿಟ್ಟರು. ಅಂದ ಹಾಗೆ, ಬ್ರೈಲ್ ಅಕ್ಷರದ ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಅದಕ್ಕಿಂತ ಕಿರಿದಾಗಿಸಿದರೆ ಬೆರಳಿಗೆ ಓದಲು ಕಷ್ಟ, ಹಿರಿದಾಗಿಸಿದರೆ ಅಕ್ಷರ ಬೆರಳಿನಡಿ ಒಟ್ಟಿಗೆ ಸಿಗುವುದಿಲ್ಲ.

ಇನ್ನು ಯಂತ್ರಕ್ಕೆ ಬರೋಣ.

ಎಂಆರ್‌ಐ ಯಂತ್ರದೊಳಗೆ ಮಲಗಿ ಬಂದವರು ನಮ್ಮ ಕೇಳುಗರಲ್ಲೇ ಎಷ್ಟೋ ಜನ ಇರುತ್ತೀರಿ. ಆ ಸದ್ದು, ಆ ಕೊಳವೆ, ಅಲುಗಾಡಬೇಡಿ ಎನ್ನುವ ತಂತ್ರಜ್ಞರ ದನಿ ನೆನಪಿರಬಹುದು. ಸಾಧಾರಣ ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತದೆ. ಅದೇ ಯಂತ್ರವನ್ನು ಇನ್ನೊಂದು ರೀತಿ ಬಳಸಿದರೆ ಮಿದುಳಿನ ಕೆಲಸವನ್ನೂ ಊಹಿಸಬಹುದು. ಇದಕ್ಕೆ ಎಫ್‌ಎಂಆರ್‌ಐ ಎನ್ನುತ್ತಾರೆ. ಇದರ ಗುಟ್ಟು ರಕ್ತದಲ್ಲಿದೆ. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಒಂದು ರೀತಿ, ಆಮ್ಲಜನಕ ಬಿಟ್ಟುಕೊಟ್ಟ ಹಿಮೊಗ್ಲೋಬಿನ್ ಇನ್ನೊಂದು ರೀತಿ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಇಷ್ಟು ವಿಷಯ 1936ರಿಂದಲೇ ಗೊತ್ತಿತ್ತು. ಇದನ್ನು ಮಿದುಳಿನ ಚಿತ್ರಕ್ಕೆ ಬಳಸಬಹುದೆಂದು 1990ರಲ್ಲಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ಸೈಜಿ ಒಗಾವಾ. ಮಿದುಳಿನ ಒಂದು ಜಾಗ ದುಡಿಯತೊಡಗಿದರೆ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ನೂರು ಜನರ ಮದುವೆಗೆ ನೂರೈವತ್ತು ಜನರ ಅಡುಗೆ ಮಾಡಿಸುವ ನಮ್ಮವರ ಹಾಗೆ ದೇಹವೂ ಬೇಕಾದದ್ದಕ್ಕಿಂತ ಹೆಚ್ಚೇ ಆಮ್ಲಜನಕ ಕಳಿಸುತ್ತದೆ. ಉಳಿದುಹೋದ ಆ ಆಮ್ಲಜನಕದಿಂದ ಸಂಕೇತ ತುಸು ಏರುತ್ತದೆ. ತುಸು ಎಂದರೆ ನೂರಕ್ಕೆ ಒಂದೋ ಎರಡೋ ಪಾಲು, ಅದೂ ಮುಟ್ಟಿದ ಐದಾರು ಸೆಕೆಂಡಿನ ಮೇಲೆ.

ಸ್ಪರ್ಶದ ಪ್ರಯೋಗ ಹೇಗಿರುತ್ತದೆಂದು ಕಲ್ಪಿಸಿಕೊಳ್ಳಿ. ಸ್ವಯಂಸೇವಕಿ ಕೊಳವೆಯೊಳಗೆ ಮಲಗಿದ್ದಾಳೆ, ಕಿವಿಗೆ ಹತ್ತಿ, ತಲೆಯ ಎರಡೂ ಪಕ್ಕ ಮೆತ್ತೆ. ಕೈ ಹೊರಗೆ ಪಕ್ಕದಲ್ಲಿದೆ. ಯಂತ್ರದ ಅಯಸ್ಕಾಂತ ಭಾರಿಯದು, ಕಬ್ಬಿಣದ ವಸ್ತು ಯಾವುದೂ ಹತ್ತಿರ ಸುಳಿಯುವಂತಿಲ್ಲ. ಆದ್ದರಿಂದ ಮುಟ್ಟಲು ಪ್ಲಾಸ್ಟಿಕ್ ಹಿಡಿಯ ಮೃದು ಕುಂಚ, ಇಲ್ಲವೇ ಗಾಳಿ ತುಂಬಿದರೆ ಉಬ್ಬುವ ರಬ್ಬರಿನ ಪುಟ್ಟ ಪರೆ. ಇಪ್ಪತ್ತು ಸೆಕೆಂಡು ಬೆರಳು ಸವರುವುದು, ಇಪ್ಪತ್ತು ಸೆಕೆಂಡು ಬಿಡುವುದು, ಮತ್ತೆ ಸವರುವುದು. ಹೀಗೆ ಹತ್ತಾರು ಸುತ್ತು. ಸವರಿದಾಗಿನ ಸಂಕೇತದಲ್ಲಿ ಬಿಟ್ಟಾಗಿನ ಸಂಕೇತವನ್ನು ಕಳೆದರೆ ಉಳಿಯುವ ವ್ಯತ್ಯಾಸಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುತ್ತಾರೆ. ಪತ್ರಿಕೆಗಳಲ್ಲಿ ಬರುವ, ಮಿದುಳಿನ ಮೇಲೆ ಕೆಂಪು-ಹಳದಿ ಬೆಂಕಿ ಹತ್ತಿಕೊಂಡಂತೆ ಕಾಣುವ ಆ ಚಿತ್ರ ಇದೇ. ಅದು ಫೋಟೊ ಅಲ್ಲ, ಲೆಕ್ಕ. ಅದರ ಒಂದೊಂದು ಚುಕ್ಕೆಯಲ್ಲಿ ಲಕ್ಷಗಟ್ಟಲೆ ನರಕೋಶಗಳಿರುತ್ತವೆ.

ಲೆಕ್ಕವನ್ನು ಅಸಡ್ಡೆಯಿಂದ ಮಾಡಿದರೆ ಏನಾಗುತ್ತದೆ ಎಂದು ತೋರಿಸಲು ಅಮೆರಿಕದ ಕೆಲವು ಸಂಶೋಧಕರು 2009ರಲ್ಲಿ ಒಂದು ಕಿಡಿಗೇಡಿ ಪ್ರಯೋಗ ಮಾಡಿದರು. ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಸಾವಿರಾರು ಚುಕ್ಕೆಗಳನ್ನು ಒಮ್ಮೆಗೇ ಪರೀಕ್ಷಿಸುವಾಗ ವಹಿಸಬೇಕಾದ ಎಚ್ಚರವನ್ನು ಬೇಕೆಂದೇ ಕೈಬಿಟ್ಟಾಗ ಮೀನಿನ ಮಿದುಳಿನಲ್ಲಿ ಕೆಂಪು ಚುಕ್ಕೆ ಮೂಡಿತು. ಎಚ್ಚರ ವಹಿಸಿದ ಕೂಡಲೇ ಮಾಯವಾಯಿತು. ಈ ಕೆಲಸಕ್ಕೆ 2012ರಲ್ಲಿ ಇಗ್ನೊಬೆಲ್ ಪ್ರಶಸ್ತಿಯೂ ಬಂತು. ಮಿದುಳಿನ ಬಣ್ಣದ ಚಿತ್ರ ಕಂಡಾಗಲೆಲ್ಲ ನನಗೆ ಆ ಮೀನು ನೆನಪಾಗುತ್ತದೆ. ನೀವೂ ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಸರಿ, ಎಚ್ಚರದಿಂದ ಲೆಕ್ಕ ಹಾಕಿದಾಗ ಬಲಗೈ ಸವರಿದವರ ಮಿದುಳಿನಲ್ಲಿ ಕಾಣುವುದೇನು? ಎಡ ಹೋಳಿನಲ್ಲಿ, ಪೆನ್‌ಫೀಲ್ಡ್ ಚೀಟಿ ಇಟ್ಟ ಜಾಗದಲ್ಲೇ, ಕೈಯ ಪ್ರದೇಶ ಎಚ್ಚೆತ್ತಿರುತ್ತದೆ. ಇದು ನಿರೀಕ್ಷಿತ. ಅದರ ಕೆಳಗೆ, ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಒಳಗೆ, ಮಡಿಕೆಯಲ್ಲಿ ಅವಿತಿರುವ ಇನ್ನೊಂದು ಸ್ಪರ್ಶಪ್ರದೇಶವಿದೆ. ಬೆಕ್ಕಿನ ಮಿದುಳಿನಲ್ಲಿ ಇಂಥ ಎರಡನೆಯ ನಕ್ಷೆಯನ್ನು 1940ರಲ್ಲಿ ಮೊದಲು ಗುರುತಿಸಿದವರು ಬ್ರಿಟನ್ನಿನ ಎಡ್ಗರ್ ಏಡ್ರಿಯನ್. ಈ ಎರಡನೆಯ ಪ್ರದೇಶ ಮಾತ್ರ ಎಡ-ಬಲದ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಮುಟ್ಟಿದ್ದು ಒಂದೇ ಕೈಯಾದರೂ ಎರಡೂ ಹೋಳುಗಳಲ್ಲಿ ಅದು ಎಚ್ಚೆತ್ತುಕೊಳ್ಳುತ್ತದೆ.

ಯಾರು ಮೊದಲು, ಯಾರು ಆಮೇಲೆ ಎನ್ನುವುದನ್ನು ಎಫ್‌ಎಂಆರ್‌ಐ ಹೇಳಲಾರದು. ರಕ್ತ ಬರುವ ಹೊತ್ತಿಗೆ ನರಗಳ ಮಾತುಕತೆ ಯಾವಾಗಲೋ ಮುಗಿದಿರುತ್ತದೆ. ಅದಕ್ಕೆ ಎಂಇಜಿ ಎಂಬ ಬೇರೆ ಯಂತ್ರ ಬೇಕು. ನರಕೋಶಗಳ ವಿದ್ಯುತ್ತಿನಿಂದ ಹುಟ್ಟುವ ಕಾಂತಕ್ಷೇತ್ರವನ್ನು, ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ದುರ್ಬಲವಾದದ್ದನ್ನು, ದ್ರವ ಹೀಲಿಯಮ್‌ನಲ್ಲಿ ತಣಿಸಿದ ಸಂವೇದಕಗಳು ತಲೆಯ ಹೊರಗಿನಿಂದಲೇ ಹಿಡಿಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಯಂತ್ರವಿದೆ. ಮಣಿಕಟ್ಟಿನ ನರವನ್ನು ಸಣ್ಣ ವಿದ್ಯುತ್ತಿನಿಂದ ಮೀಟಿದರೆ 20 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಐವತ್ತನೆಯ ಒಂದು ಪಾಲಿನಲ್ಲಿ, ಎದುರು ಹೋಳಿನ ಮೊದಲ ಪ್ರದೇಶ ಉತ್ತರ ಕೊಡುತ್ತದೆ. ಎರಡನೆಯ ಪ್ರದೇಶದ ಉತ್ತರ ಕಾಣುವುದು ಸುಮಾರು 100 ಮಿಲಿಸೆಕೆಂಡಿನ ಹೊತ್ತಿಗೆ. ಅಲ್ಲೂ ಎದುರು ಹೋಳಿನದು ಒಂದಿಷ್ಟು ಮೊದಲು, ಕೈ ಇರುವ ಬದಿಯ ಹೋಳಿನದು ಸ್ವಲ್ಪ ತಡ. ಫಿನ್‌ಲೆಂಡಿನ ರೀಟಾ ಹಾರಿ ಮತ್ತು ಅವರ ಸಂಗಡಿಗರು ಇದನ್ನು 1980ರ ದಶಕದಿಂದಲೇ ಅಳೆಯುತ್ತ ಬಂದವರು.

ಆದರೆ ನನ್ನ ಪ್ರಶ್ನೆ ಮೊದಲ ಪ್ರದೇಶದ ಬಗ್ಗೆ. ಬಲ ಹೋಳಿನಲ್ಲೂ ಕೈಗೆಂದು ಒಂದು ಜಾಗವಿದೆ, ಅದು ಎಡಗೈಯದು. ಬಲಗೈ ಸವರುವಾಗ ಆ ಜಾಗ ಏನಾಗುತ್ತದೆ? ಬಹಳ ಕಾಲ ಅಲ್ಲಿ ಏನೂ ಆಗುವುದಿಲ್ಲ ಎಂದೇ ಬರೆಯುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಎಲ್ಲರೂ ಹುಡುಕುತ್ತಿದ್ದದ್ದು ಏರಿದ ಸಂಕೇತವನ್ನು, ಕೆಂಪು ಚುಕ್ಕೆಯನ್ನು. ಇಳಿದ ಸಂಕೇತಕ್ಕೆ ನೀಲಿ ಬಣ್ಣ ಕೊಡಬಹುದು, ಆದರೆ ಅದಕ್ಕೆ ಅರ್ಥ ಹೇಳುವುದು ಕಷ್ಟವೆಂದು ಅದನ್ನು ಚಿತ್ರದಿಂದ ಬಿಟ್ಟುಬಿಡುವುದೇ ವಾಡಿಕೆ. ಹಾರಿ ಮತ್ತು ಯೆವ್‌ಹೆನ್ ಹ್ಲುಶ್ಚುಕ್ 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆ ಇಳಿತವನ್ನೇ ನೋಡಿದರು. ಬಲಗೈ ಬೆರಳುಗಳನ್ನು ಮುಟ್ಟಿದಾಗ ಬಲ ಹೋಳಿನ ಕೈಯ ಜಾಗದ ಸಂಕೇತ ವಿಶ್ರಾಂತಿಯ ಮಟ್ಟಕ್ಕಿಂತಲೂ ಕೆಳಗೆ ಇಳಿದಿತ್ತು. ಸುಮ್ಮನೆ ಕೂತಿರುವುದು ಬೇರೆ, ಸುಮ್ಮನಾಗಿಸಲ್ಪಡುವುದು ಬೇರೆ. ಇಲ್ಲಿ ನಡೆದದ್ದು ಎರಡನೆಯದು.

ಇದಕ್ಕೂ ತಕರಾರು ಬಂತು. ಎಡಕ್ಕೆ ಹೆಚ್ಚು ರಕ್ತ ಹೋದದ್ದರಿಂದ ಬಲಕ್ಕೆ ಕಡಿಮೆಯಾಗಿರಬಹುದು, ಅದಕ್ಕೂ ನರಗಳ ಕೆಲಸಕ್ಕೂ ಸಂಬಂಧವಿಲ್ಲದಿರಬಹುದು ಎಂದರು. ತಕ್ಕ ತಕರಾರೇ. ಅದೇ 2006ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೋತಿಗಳ ದೃಷ್ಟಿ ಪ್ರದೇಶದಲ್ಲಿ ಎಫ್‌ಎಂಆರ್‌ಐ ಮತ್ತು ನರಕೋಶಗಳ ವಿದ್ಯುತ್ ದಾಖಲೆ ಎರಡನ್ನೂ ಒಟ್ಟಿಗೆ ತೆಗೆದು ನೋಡಿದಾಗ, ಸಂಕೇತ ಇಳಿದ ಕಡೆ ನರಕೋಶಗಳ ಚಟುವಟಿಕೆಯೂ ಇಳಿದಿತ್ತು. ಇನ್ನೂ ನಂಬುವಂಥ ಪುರಾವೆ ಬಂದದ್ದು 2008ರಲ್ಲಿ, ಮನುಷ್ಯರಿಂದಲೇ. ಆಂಡ್ರಿಯಾಸ್ ಕಸ್ಟ್ರುಪ್ ಮತ್ತವರ ತಂಡ ಒಂದು ಕೈಯ ಮಣಿಕಟ್ಟಿನ ನರವನ್ನು ವಿದ್ಯುತ್ತಿನಿಂದ ಮೀಟುತ್ತ, ಅದೇ ಹೊತ್ತಿಗೆ ಇನ್ನೊಂದು ಕೈಯ ಬೆರಳಿಗೆ ಎಷ್ಟು ವಿದ್ಯುತ್ ಕೊಟ್ಟರೆ ಗೊತ್ತಾಗುತ್ತದೆಂದು ಅಳೆಯಿತು. ಗೊತ್ತಾಗಲು ಮೊದಲಿಗಿಂತ ಹೆಚ್ಚು ಬೇಕಾಯಿತು. ಒಂದು ಕೈ ಸುದ್ದಿ ಹೇಳುತ್ತಿರುವಾಗ ಇನ್ನೊಂದು ಕೈ ಒಂದಿಷ್ಟು ಮಂದವಾಗುತ್ತದೆ. ಮಿದುಳಿನ ಚಿತ್ರದ ನೀಲಿ ಚುಕ್ಕೆಗೆ ಚರ್ಮದ ಮೇಲೆ ಸಿಕ್ಕ ಸಾಕ್ಷಿ ಇದು.

ಮಿದುಳು ಯಾಕೆ ಹೀಗೆ ಮಾಡಬೇಕು? ನನಗೆ ಸರಿಕಾಣುವ ವಿವರಣೆ ಇಷ್ಟು. ಎಡ, ಬಲ ಎರಡೂ ಪ್ರದೇಶಗಳು ಸದಾ ಒಂದಿಷ್ಟು ಗುನುಗುತ್ತಲೇ ಇರುತ್ತವೆ. ಮುಟ್ಟಿದ್ದು ಬಲಗೈಯನ್ನೇ ಎಂದು ಖಚಿತವಾಗಬೇಕಾದರೆ ಎಡ ಪ್ರದೇಶ ಏರುವುದರ ಜೊತೆಗೆ ಬಲ ಪ್ರದೇಶ ಇಳಿದರೆ ವ್ಯತ್ಯಾಸ ಇಮ್ಮಡಿಯಾಗಿ ಎದ್ದುಕಾಣುತ್ತದೆ.

ಈ ಎರಡು ಹೋಳುಗಳನ್ನು ಜೋಡಿಸುವುದು ಕಾರ್ಪಸ್ ಕೆಲೋಸಮ್ ಎಂಬ ದಪ್ಪ ನರಪಟ್ಟಿ. ಅದರಲ್ಲಿ ಸುಮಾರು ಇಪ್ಪತ್ತು ಕೋಟಿ ತಂತುಗಳಿವೆ. ತಡೆಯಲಾಗದ ಮೂರ್ಛೆರೋಗ ಇದ್ದವರಿಗೆ ಈ ಪಟ್ಟಿಯನ್ನು ಕತ್ತರಿಸುವ ಚಿಕಿತ್ಸೆಯೊಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1962ರಲ್ಲಿ ಈ ಶಸ್ತ್ರಚಿಕಿತ್ಸೆ ಆದ, ವಿಜ್ಞಾನ ಸಾಹಿತ್ಯದಲ್ಲಿ ಬರೀ ಡಬ್ಲ್ಯು.ಜೆ. ಎಂದು ಕರೆಸಿಕೊಳ್ಳುವ ವ್ಯಕ್ತಿಯನ್ನು ರೋಜರ್ ಸ್ಪೆರಿ ಮತ್ತು ಅವರ ಶಿಷ್ಯ ಮೈಕಲ್ ಗಜಾನಿಗ ಪರೀಕ್ಷಿಸಿದರು. ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೇ. ಇಂಥವರ ಎಡಗೈಗೆ ಪರದೆಯ ಹಿಂದೆ ಒಂದು ಬೀಗದಕೈಯನ್ನೋ ಚಮಚವನ್ನೋ ಕೊಟ್ಟು ಇದೇನು ಎಂದು ಕೇಳಿದರೆ ಹೇಳಲಾರರು. ಸ್ಪರ್ಶ ಬಲ ಹೋಳಿಗೆ ಹೋಗಿದೆ, ಮಾತು ಎಡ ಹೋಳಿನಲ್ಲಿದೆ, ನಡುವಿನ ಪಟ್ಟಿ ಇಲ್ಲ. ಆದರೆ ಹತ್ತು ವಸ್ತುಗಳ ನಡುವೆ ಅದನ್ನು ಬೆರೆಸಿಟ್ಟರೆ ಅದೇ ಎಡಗೈ ತಡಕಿ ತಡಕಿ ಸರಿಯಾದದ್ದನ್ನೇ ಎತ್ತಿಕೊಡುತ್ತದೆ. ಗೊತ್ತಿದೆ, ಹೇಳಲು ಬರುವುದಿಲ್ಲ.

ಡಬ್ಲ್ಯು.ಜೆ. ಅವರ ಒಂದು ಚಲನಚಿತ್ರ ದಾಖಲೆ ಪ್ರಸಿದ್ಧ. ಬಣ್ಣದ ಘನಗಳನ್ನು ಚೀಟಿಯಲ್ಲಿರುವ ವಿನ್ಯಾಸದಂತೆ ಜೋಡಿಸಬೇಕು. ಎಡಗೈ ಪಟಪಟನೆ ಜೋಡಿಸಿತು. ಬಲಗೈಗೆ ಕೊಟ್ಟಾಗ ತಿರುಗಿಸಿ ಮುರುಗಿಸಿ ಏನು ಮಾಡಿದರೂ ಆಗಲಿಲ್ಲ. ಆಗ ಸುಮ್ಮನಿರಬೇಕಾಗಿದ್ದ ಎಡಗೈ ತಾನಾಗಿ ಮುಂದೆ ಬಂದು ಬಲಗೈಯ ಕೆಲಸದಲ್ಲಿ ಕೈಹಾಕಿತು. ಅದನ್ನು ಹಿಡಿದು ಪಕ್ಕಕ್ಕಿಡಬೇಕಾಯಿತು.

ಇಟಲಿಯ ಆಂಕೋನಾದಲ್ಲಿ ಮಾರಾ ಫಾಬ್ರಿ ಮತ್ತು ಸಂಗಡಿಗರು ಇಂಥ ರೋಗಿಗಳನ್ನೇ ಸ್ಕ್ಯಾನರಿನಲ್ಲಿ ಮಲಗಿಸಿ ಕೈ ಸವರಿ ನೋಡಿದರು. ಆ ವರದಿ ಬಂದದ್ದು 1999ರಲ್ಲಿ. ಪಟ್ಟಿ ಸರಿಯಿರುವವರಲ್ಲಿ ಎರಡೂ ಕಡೆ ಎಚ್ಚೆತ್ತುಕೊಳ್ಳುವ ಆ ಎರಡನೆಯ ಪ್ರದೇಶ, ಪಟ್ಟಿಯ ಹಿಂಭಾಗ ಕತ್ತರಿಸಿದವರಲ್ಲಿ ಎದುರು ಹೋಳಿನಲ್ಲಿ ಮಾತ್ರ ಎಚ್ಚೆತ್ತಿತ್ತು. ಅಲ್ಲಿಗೆ ಬಲಗೈಯ ಸುದ್ದಿ ಬಲ ಹೋಳಿಗೆ ಹೋಗುವ ದಾರಿ ಯಾವುದೆಂದು ಗೊತ್ತಾಯಿತು. ಅದು ಮುಖ್ಯವಾಗಿ ಎಡ ಹೋಳಿಗೆ ಬಂದು, ಅಲ್ಲಿಂದ ಈ ಪಟ್ಟಿಯ ಮೂಲಕ ದಾಟಿ ಹೋಗುತ್ತದೆ. ಒಂದು ಹೋಳಿಗೆ ತಿಳಿದದ್ದು ಇನ್ನೊಂದಕ್ಕೆ ಕೇಳಿ ತಿಳಿಯಬೇಕು.

ಹಾಗಾದರೆ ಎರಡೂ ಹೋಳುಗಳು ಒಂದೇ ಕೆಲಸವನ್ನು ಎರಡು ಸಲ ಮಾಡುತ್ತವೆಯೆ? ಪೂರ್ತಿ ಹಾಗಲ್ಲ. ರಾಬರ್ಟ್ ವಾನ್ ಬೋವನ್ ಮತ್ತು ಸಂಗಡಿಗರು 2005ರಲ್ಲಿ ಬೆರಳಿಗೆ ಗೀರುಗಳಿದ್ದ ತುಂಡುಗಳನ್ನು ಒತ್ತಿದರು. ಒಮ್ಮೆ ಗೀರಿನ ದಿಕ್ಕು ಯಾವುದು ಎಂದು ಕೇಳಿದರು, ಇನ್ನೊಮ್ಮೆ ಬೆರಳಿನ ಯಾವ ಜಾಗಕ್ಕೆ ತಾಗಿತು ಎಂದು ಕೇಳಿದರು. ಮುಟ್ಟಿದ್ದು ಒಂದೇ ರೀತಿ, ಪ್ರಶ್ನೆ ಮಾತ್ರ ಬೇರೆ. ದಿಕ್ಕು ಕೇಳಿದಾಗ ಎಡ ಹೋಳಿನ ಒಂದು ಮಡಿಕೆ ಹೆಚ್ಚು ದುಡಿಯಿತು, ಜಾಗ ಕೇಳಿದಾಗ ಬಲ ಹೋಳಿನ ಒಂದು ಪ್ರದೇಶ. ಕೆಲಸ ಹಂಚಿಕೆಯಾಗುವುದು ಯಾವ ಕೈಯನ್ನು ಮುಟ್ಟಿದರು ಎನ್ನುವುದರಿಂದ ಮಾತ್ರವಲ್ಲ, ಮುಟ್ಟಿದ್ದರಿಂದ ಏನನ್ನು ತಿಳಿಯಬೇಕಾಗಿದೆ ಎನ್ನುವುದರಿಂದ ಕೂಡ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೆಚ್ಚು ಕಡಿಮೆ ಎನ್ನುವ ಈ ಸೂಕ್ಷ್ಮ ಹಂಚಿಕೆಯನ್ನು ಹಿಡಿದು, ನಿಮ್ಮ ಮಗು ಎಡ ಮಿದುಳಿನದೋ ಬಲ ಮಿದುಳಿನದೋ ಎಂದು ಪರೀಕ್ಷೆ ಮಾಡಿ ದುಡ್ಡು ಕೀಳುವ ಅಂಗಡಿಗಳು ನಮ್ಮ ಊರುಗಳಲ್ಲೂ ತೆರೆದಿವೆ. ಅದರ ಅಣ್ಣನಂತೆ ಮಿಡ್‌ಬ್ರೈನ್ ಆಕ್ಟಿವೇಶನ್ ಎಂಬ ತರಬೇತಿಯೂ ಬಂತು. ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳು ಮುಟ್ಟಿ, ಮೂಸಿ ಪುಸ್ತಕ ಓದುತ್ತಾರೆ, ಬಣ್ಣ ಹೇಳುತ್ತಾರೆ ಎಂದು ಪ್ರಚಾರ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಬಹಿರಂಗವಾಗಿ ಪ್ರಶ್ನಿಸಿ, ಮೂಗಿನ ಪಕ್ಕದ ಸಂದಿಯಿಂದ ಇಣುಕಿ ನೋಡುವುದೇ ಇದರ ಗುಟ್ಟೆಂದು ತೋರಿಸಿಕೊಟ್ಟರು. ಅಚ್ಚಾದ ಬಣ್ಣವನ್ನು ಓದುವ ಗ್ರಾಹಕ ಬೆರಳಿನಲ್ಲಿಲ್ಲ, ಇಲ್ಲದ ಗ್ರಾಹಕವನ್ನು ಯಾವ ಮಿದುಳೂ ಚುರುಕುಗೊಳಿಸಲಾರದು. ಪಾಪದ ಮಕ್ಕಳಿಗೆ ಸುಳ್ಳು ಹೇಳುವುದನ್ನು ದುಡ್ಡು ಕೊಟ್ಟು ಕಲಿಸಿದಂತಾಯಿತು.

ಬೆರಳಿನಿಂದ ನಿಜವಾಗಿ ಓದುವವರ ವಿಷಯ ಇದಕ್ಕಿಂತ ಸಾವಿರ ಪಾಲು ಸ್ವಾರಸ್ಯದ್ದು. ಚಿಕ್ಕಂದಿನಿಂದ ದೃಷ್ಟಿಯಿಲ್ಲದವರು ಬ್ರೈಲ್ ಓದುವಾಗ ಅವರ ಮಿದುಳಿನ ಹಿಂಭಾಗ, ಅಂದರೆ ಕಣ್ಣಿದ್ದವರಲ್ಲಿ ನೋಡುವ ಕೆಲಸಕ್ಕೆಂದು ಮೀಸಲಾದ ಭಾಗ, ಎಚ್ಚೆತ್ತುಕೊಳ್ಳುತ್ತದೆ. ಇದನ್ನು ನೊರಿಹಿರೊ ಸದಾಟೊ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಇದು ಸ್ಕ್ಯಾನಿನ ಲೆಕ್ಕದ ಆಟವೇನೋ ಎನ್ನುವಂತೆಯೂ ಇರಲಿಲ್ಲ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ, ಬ್ರೈಲ್ ಚೆನ್ನಾಗಿ ಓದಬಲ್ಲ ಮಹಿಳೆಯೊಬ್ಬರಿಗೆ ಮಿದುಳಿನ ಹಿಂಭಾಗದ ಎರಡೂ ಕಡೆ ಪಾರ್ಶ್ವವಾಯು ಆಯಿತು. ಆಮೇಲೆ ಬೆರಳಿಗೆ ಸ್ಪರ್ಶ ಗೊತ್ತಾಗುತ್ತಿತ್ತು, ಓದು ಮಾತ್ರ ಹೋಯಿತು. ಇದು 2000ದಲ್ಲಿ ವರದಿಯಾದ ಪ್ರಕರಣ. ಬ್ರೈಲ್ ಓದಲು ಎಡಗೈಯೇ ಮೇಲು, ಏಕೆಂದರೆ ಅದು ಬಲ ಹೋಳಿಗೆ ಸೇರಿದ್ದು ಎಂಬ ವಾದ 1970ರ ದಶಕದಲ್ಲಿ ಜೋರಾಗಿತ್ತು. ಮುಂದಿನ ಅಧ್ಯಯನಗಳು ಅದನ್ನು ಒಮ್ಮತದಿಂದ ಒಪ್ಪಲಿಲ್ಲ. ಬ್ರೈಲ್ ಓದುವವರನ್ನೇ ನೋಡಿದರೆ ಎರಡೂ ಕೈ ಒಟ್ಟಿಗೆ ಸಾಲಿನ ಮೇಲೆ ಓಡುತ್ತಿರುತ್ತವೆ. ಒಂದು ಕೈ ಸಾಲು ಮುಗಿಸುವಷ್ಟರಲ್ಲಿ ಇನ್ನೊಂದು ಮುಂದಿನ ಸಾಲಿನ ಶುರುವನ್ನು ಹುಡುಕಿಟ್ಟಿರುತ್ತದೆ.

ಅಭ್ಯಾಸದಿಂದ ನಕ್ಷೆ ಬದಲಾಗುತ್ತದೆ ಎನ್ನುವುದಕ್ಕೆ ಸಂಗೀತಗಾರರೂ ಸಾಕ್ಷಿ. ಥಾಮಸ್ ಎಲ್ಬರ್ಟ್ ತಂಡ 1995ರಲ್ಲಿ ಪಿಟೀಲು ಮೊದಲಾದ ತಂತಿವಾದ್ಯಗಳ ಒಂಬತ್ತು ವಾದಕರನ್ನು ಎಂಇಜಿಯಲ್ಲಿ ಪರೀಕ್ಷಿಸಿತು. ಅವರ ಎಡಗೈ ಬೆರಳುಗಳಿಗೆ ಬಲ ಹೋಳಿನಲ್ಲಿ ಸಿಕ್ಕಿದ್ದ ಪಾಲು ಉಳಿದವರಿಗಿಂತ ದೊಡ್ಡದಿತ್ತು. ಎಳೆಯ ವಯಸ್ಸಿನಲ್ಲೇ ಕಲಿಯತೊಡಗಿದವರಲ್ಲಿ ಇನ್ನೂ ದೊಡ್ಡದು. ಬರೀ ಬಿಲ್ಲು ಹಿಡಿಯುವ ಬಲಗೈಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅವರೆಲ್ಲ ಪಾಶ್ಚಾತ್ಯ ಸಂಗೀತದವರು. ಗಮಕಕ್ಕಾಗಿ ಬೆರಳನ್ನು ತಂತಿಯ ಮೇಲೆ ಜಾರಿಸುತ್ತಲೇ ಇರುವ ನಮ್ಮ ಮೈಸೂರಿನ ಪಿಟೀಲು ಪರಂಪರೆಯವರನ್ನು ಹಾಗೆ ಕೂರಿಸಿ ಅಳೆದರೆ ಏನು ಸಿಗುತ್ತದೋ ನೋಡುವ ಆಸೆ ನನಗೆ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಮೇಲೆ ಓಡಿದ ಬೆರಳುಗಳ ನಕ್ಷೆಯನ್ನಂತೂ ಇನ್ನು ಯಾರೂ ತೆಗೆಯಲಾರರು.

ಕೊನೆಗೆ ಆಸ್ಪತ್ರೆಯ ವಿಷಯ. ಬಲ ಮಿದುಳಿನಲ್ಲಿ ಪಾರ್ಶ್ವವಾಯು ಆದವರನ್ನು ಪರೀಕ್ಷಿಸುವಾಗ ನರರೋಗ ವೈದ್ಯರು ಮೊದಲು ಎಡಗೈಯನ್ನು, ಆಮೇಲೆ ಬಲಗೈಯನ್ನು ಬೇರೆ ಬೇರೆಯಾಗಿ ಮುಟ್ಟುತ್ತಾರೆ. ಎರಡೂ ಗೊತ್ತಾಗುತ್ತದೆ ಎನ್ನುವ ರೋಗಿಗಳುಂಟು. ಅಷ್ಟಕ್ಕೇ ಬಿಟ್ಟರೆ ಎಲ್ಲ ಸರಿಯಿದೆ ಎಂದೇ ತೋರುತ್ತದೆ. ಎರಡೂ ಕೈಯನ್ನು ಒಟ್ಟಿಗೆ ಮುಟ್ಟಿದಾಗ ಕೆಲವರು ಬಲಗೈ ಮಾತ್ರ ಎನ್ನುತ್ತಾರೆ. ಪೆಟ್ಟಾಗದ ಹೋಳಿನ ಸುದ್ದಿ ಜೋರಾಗಿರುವಾಗ ಪೆಟ್ಟಾದ ಹೋಳಿನದು ಲೆಕ್ಕಕ್ಕೇ ಬರುವುದಿಲ್ಲ. ಆಗಲೇ ಹೇಳಿದ ಎಡ-ಬಲದ ತಡೆಹಿಡಿಯುವಿಕೆ, ಸರಿಯಿರುವವರಲ್ಲಿ ಉಪಕಾರಿಯಾದದ್ದು, ಇವರಲ್ಲಿ ಮುಳುವಾಗುವ ಹಾಗಿದೆ.

ಇದನ್ನು ತಿರುಗಿಸಿ ಉಪಯೋಗಕ್ಕೆ ತರಬಹುದೆ? ಕೊನ್ರಾಡ್ ವೆರ್‌ಹಾನ್ ಮತ್ತು ಸಂಗಡಿಗರು 2002ರಲ್ಲಿ ಆರೋಗ್ಯವಂತರ ಒಂದು ಮುಂಗೈಗೆ ಬಿಪಿ ನೋಡುವಾಗಿನಂಥ ಪಟ್ಟಿ ಕಟ್ಟಿ, ಗಾಳಿ ತುಂಬಿ, ಆ ಕೈ ಮರಗಟ್ಟುವ ತನಕ ಬಿಟ್ಟರು. ಆಗ ಇನ್ನೊಂದು ಕೈಯ ಬೆರಳು ಮೊದಲಿಗಿಂತ ಸಣ್ಣ ಗೀರುಗಳ ದಿಕ್ಕನ್ನು ಗುರುತಿಸಿತು. ಮರಗಟ್ಟಿದ ಕೈಯ ಹೋಳು ಸುಮ್ಮನಾದಾಗ ಈಚೆ ಹೋಳಿನ ಮೇಲಿದ್ದ ತಡೆ ಸಡಿಲವಾಯಿತು. ಇದೇ ಉಪಾಯವನ್ನು ಪಾರ್ಶ್ವವಾಯುವಿನಿಂದ ಸ್ಪರ್ಶ ಮಂದವಾದವರಲ್ಲಿ ಮಾಡಿ ನೋಡಿದ ವರದಿ 2006ರಲ್ಲಿ ಬಂತು. ಸರಿಯಿರುವ ಕೈಯನ್ನು ಮರಗಟ್ಟಿಸಿದಾಗ ಪೆಟ್ಟಾದ ಕೈಯ ಸ್ಪರ್ಶ ಸುಧಾರಿಸಿತು, ಆದರೆ ತಾತ್ಕಾಲಿಕವಾಗಿ. ಆ ಲಾಭವನ್ನು ಉಳಿಸಿಕೊಳ್ಳಬೇಕಾದರೆ ಕೈ ಸುಧಾರಿಸಿರುವ ಆ ಸ್ವಲ್ಪ ಹೊತ್ತಿನಲ್ಲೇ ಅಭ್ಯಾಸವನ್ನೂ ಮಾಡಿಸಬೇಕಾದೀತು.

ಮನೆಯಲ್ಲಿ ಇಂಥ ರೋಗಿಗಳಿದ್ದರೆ, ಕೈಯಾಡುತ್ತಿದೆ, ಇನ್ನೇನು ಸರಿಹೋಯಿತು ಎಂದುಕೊಳ್ಳಬೇಡಿ. ಕೈ ಆಡುವುದೇ ಬೇರೆ, ಕೈಗೆ ಗೊತ್ತಾಗುವುದೇ ಬೇರೆ. ಕಾಫಿ ಲೋಟದ ಬಿಸಿಯನ್ನು, ಸ್ನಾನದ ನೀರಿನ ಬಿಸಿಯನ್ನು ಅವರು ಸರಿಯಿರುವ ಕೈಯಲ್ಲೇ ಮೊದಲು ನೋಡಿಕೊಳ್ಳಲಿ. ವೈದ್ಯರ ಬಳಿ ಹೋದಾಗ, ಎರಡೂ ಕೈಯನ್ನು ಒಟ್ಟಿಗೆ ಮುಟ್ಟಿ ನೋಡಿದ್ದೀರಾ ಎಂದು ಸಂಕೋಚಪಡದೆ ಕೇಳಿ.